ಕೈಗೆ ಬಂದದ್ದು

ಪೇಂಟರ್ ಈಗ ಹಿಂದಿನ ಗಲ್ಲಿಯಿಂದ ಮನೆಗೆ ಬರುತ್ತಾನೆ. ಮುಂದಿನ ರಸ್ತೆಯಲ್ಲಿ ಬಣ್ಣದ ಅಂಗಡಿ ಇದೆ. ಅಂಗಡಿಯವನು ಕೆಟ್ಟವನಲ್ಲ, ಬಾಕಿಗಾಗಿ ಬೈಯುವುದೂ ಇಲ್ಲ. “ಏನಣ್ಣಾ, ಈ ಕಡೆ ಬರೋದೇ ಬಿಟ್ಯಲ್ಲ” ಎಂದು ನಗುತ್ತಾನೆ, ಅಷ್ಟೆ. ಆ ನಗು ತಪ್ಪಿಸಿಕೊಳ್ಳಲು ಇವನು ಚರಂಡಿ ದಾಟಿ, ಕಸದ ತೊಟ್ಟಿ ದಾಟಿ, ಯಾರದೋ ಮನೆಯ ಒದ್ದೆ ಸೀರೆಗಳ ಕೆಳಗೆ ತಲೆ ಬಗ್ಗಿಸಿ ನುಸುಳಬೇಕು. ದಿನವಿಡೀ ಗೋಡೆ ಉಜ್ಜಿ ರೆಪ್ಪೆಯ ಮೇಲೆಲ್ಲ ಪುಟ್ಟಿಯ ಬಿಳಿ ಪುಡಿ. ಕೆಮ್ಮಿದರೆ ಗಂಟಲಿನಿಂದಲೂ ಅದೇ ಬರುತ್ತದೆ.

ಬಾಗಿಲ ಮೇಲೆ ಅವನೇ ಬರೆದ ಬೋರ್ಡು: ‘ಪೇಂಟಿಂಗ್ ಕಂಟ್ರಾಕ್ಟರ್’. ಕೆಂಪು ಅಕ್ಷರ, ಅಂಚಿಗೆ ಕಪ್ಪು ನೆರಳು. ಅದನ್ನು ಬಾಗಿಲಿಗೆ ಹೊಡೆದ ದಿನ ಎದುರುಮನೆಯ ಅಜ್ಜಿ, “ಇನ್ಮೇಲೆ ನಿನ್ನ ಸಾಹೇಬ್ರೇ ಅನ್ಬೇಕೇನಪ್ಪಾ?” ಎಂದು ಕಾಲೆಳೆದಿದ್ದಳು. ಈಗ ಅದೇ ಬೋರ್ಡಿನ ಮೊಳೆಗೆ ಅವನು ಬೆವರಿನ ಅಂಗಿ ನೇತುಹಾಕುತ್ತಾನೆ. ಗಾಳಿಗೆ ಒಣಗಲಿ ಅಂತ ಹೆಂಡತಿಗೆ ಹೇಳುತ್ತಾನೆ. ಅಕ್ಷರ ಕಾಣದಿರಲೆಂದು ಹಾಗೆ ಮಾಡುತ್ತಾನೆ ಎಂಬುದು ಅವಳಿಗೂ ಗೊತ್ತು.

ಮೊದಲು ಹೀಗಿರಲಿಲ್ಲ. ಬಣ್ಣ ಬಿಲ್ಡರನದು, ಕೂಲಿ ಇವನದು. ಹಚ್ಚಿದ, ಎಣಿಸಿಕೊಂಡ, ಮನೆಗೆ ಹೋದ. ಒಂದು ದಿನ ಬಿಲ್ಡರ್ ಇವನ ಹೆಗಲ ಮೇಲೆ ಕೈ ಹಾಕಿದ. ನಮ್ಮಂಥವರ ಹೆಗಲ ಮೇಲೆ ಅಂಥವರು ಸುಮ್ಮನೆ ಕೈ ಹಾಕುತ್ತಾರೆಯೇ? ಆದರೆ ಪೇಂಟರ್ ಆ ಕೈಗೆ ಬಣ್ಣ ಮೆತ್ತೀತು ಎಂದು ಭುಜ ಕುಗ್ಗಿಸಿ ನಿಂತ.

“ಎಷ್ಟು ದಿನ ಅಂತ ಕೂಲಿಯವನಾಗೇ ಇರ್ತೀಯಾ? ಕಂಟ್ರಾಕ್ಟರ್ ಆಗು. ಬಣ್ಣ ನೀನೇ ತಗೋ, ಬಿಲ್ ನಿನ್ನ ಹೆಸರಲ್ಲೇ ಕೊಡು. ಬಣ್ಣದ ಬೆಲೆನೂ ಕೊಡ್ತೀನಿ, ಕೂಲಿನೂ ಕೊಡ್ತೀನಿ.”

“ತೆರಿಗೆ ಗಿರಿಗೆ ಅಂತೆಲ್ಲ ಇರುತ್ತಲ್ಲ ಸಾರ್...”

ಪಕ್ಕದಲ್ಲಿ ಕೂತಿದ್ದ ಬಿಲ್ಡರನ ಲೆಕ್ಕಿಗ ನಕ್ಕ. “ಅದಕ್ಕೇ ಸರಳ ತೆರಿಗೆ ಅಂತ ಬೇರೆ ಇದೆ. ನಿಮ್ಮಂಥೋರಿಗೇ ಮಾಡಿರೋದು. ತಿಂಗಳು ತಿಂಗಳು ಲೆಕ್ಕ ಒಪ್ಪಿಸೋ ತಲೆನೋವಿಲ್ಲ, ಬಿಲ್ಲಿಗೆ ತೆರಿಗೆ ಸೇರಿಸೋ ಗೋಜೂ ಇಲ್ಲ. ಕೈಗೆ ಬಂದದ್ದರ ಮೇಲೆ ಒಂಚೂರು ಕಟ್ಟಿದ್ರೆ ಮುಗೀತು.”

“ಮತ್ತೆ ಅಂಗಡೀಲಿ ಬಣ್ಣದ ಮೇಲೆ ತೆರಿಗೆ ಹಾಕ್ತಾರಲ್ಲ, ಅದು?”

“ಅದು ನಿನಗೆ ವಾಪಸ್ ಬರುತ್ತೆ ಕಣಯ್ಯಾ,” ಎಂದ ಬಿಲ್ಡರ್. “ಅದಕ್ಕೇ ನಾನು ಬಣ್ಣದ ಅಸಲು ಬೆಲೆ ಕೊಟ್ರೆ ಸಾಕು.”

ಕೈಗೆ ಬಂದದ್ದು. ಆ ಮಾತೇ ಇವನನ್ನು ಕೆಡಿಸಿತು. ಬಣ್ಣ ಹಚ್ಚುವವರು ಸಂಜೆ ಕೈ ತೊಳೆಯುವಾಗ ಒಬ್ಬರನ್ನೊಬ್ಬರು ಕೇಳುವುದು ಹೀಗೇ: “ಇವತ್ತು ಕೈಗೆಷ್ಟು ಬಂತು?” ಬಣ್ಣ ತಂದಿದ್ದರೆ ಡಬ್ಬದ ದುಡ್ಡು, ಜೊತೆಯವರ ಕೂಲಿ, ಏಣಿಯ ಬಾಡಿಗೆ ಎಲ್ಲ ಕಳೆದು ಮನೆಗೆ ಒಯ್ಯುವುದಕ್ಕೆ ಕೈಗೆ ಬಂದದ್ದು ಎನ್ನುತ್ತಾರೆ. ಉಳಿಯದ ದುಡ್ಡನ್ನು ಬಂತು ಎನ್ನುವ ವಾಡಿಕೆಯೇ ಅವರಲ್ಲಿಲ್ಲ. ಅದರ ಮೇಲೆ ಒಂಚೂರು ತಾನೇ ಎಂದುಕೊಂಡು ಪೇಂಟರ್ ಲೆಕ್ಕಿಗ ಚಾಚಿದ ಕಾಗದಕ್ಕೆ ಖುಷಿಯಿಂದ ಸಹಿ ಹಾಕಿದ. ಆಮೇಲೆ ಬೋರ್ಡು ಬರೆದ.

ತೆರಿಗೆ ಕಚೇರಿಯಿಂದ ಬರಹೇಳಿದಾಗ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ವಾಪಸ್ ಬರುವ ದುಡ್ಡು ಕೊಡಲು ಕರೆದಿದ್ದಾರೆ ಎಂದೇ ನಂಬಿದ್ದ.

“ಇಷ್ಟು ಕಟ್ಟಬೇಕು,” ಎಂದ ಕಿಟಕಿಯ ಗುಮಾಸ್ತ.

“ನನ್ನ ಕೈಗೆ ಅಷ್ಟೊಂದು ಬಂದೇ ಇಲ್ಲ ಸಾರ್.”

“ನಿಮ್ಮ ಖಾತೆಗೆ ಬಂದಿದೆಯಲ್ಲ?”

“ಅದು ಬಣ್ಣದ ದುಡ್ಡು. ಬಂತು, ಹೋಯ್ತು.”

“ಬಂತಲ್ಲ?” ಎಂದ ಗುಮಾಸ್ತ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಹಾಗಾದ್ರೆ ಬಣ್ಣದ ಮೇಲೆ ಕಟ್ಟಿದ್ದು ವಾಪಸ್...”

“ಅದು ಪೂರ್ತಿ ಲೆಕ್ಕ ಒಪ್ಪಿಸೋರಿಗೆ. ನೀವು ಸರಳ ಆರಿಸಿದೀರ. ಸರಳದವರಿಗೆ ವಾಪಸ್ ಇಲ್ಲ. ಆರಿಸೋಕೆ ಮುಂಚೆ ಕೇಳ್ಬೇಕಿತ್ತು.”

ಬಣ್ಣದ ಮೇಲಿನ ತೆರಿಗೆ ಬಿಲ್ಡರ್ ಕೊಡಲಿಲ್ಲ, ಸರ್ಕಾರ ಕೊಡುವುದಿಲ್ಲ. ಅದು ಪೂರ್ತಿ ಇವನ ತಲೆಗೇ ಬಂತು. ಅದರ ಮೇಲೆ, ಕೈಯಲ್ಲಿ ನಿಲ್ಲದೆ ಹಾದುಹೋದ ದುಡ್ಡಿಗೂ ಸುಂಕ. ಲೆಕ್ಕ ಅರ್ಥವಾದ ಕೂಡಲೇ ಪೇಂಟರ್ ಮಾಡಿದ್ದೇನು ಗೊತ್ತೇ? ಗುಮಾಸ್ತನಿಗೆ ಕೈಮುಗಿದ. “ಥ್ಯಾಂಕ್ಸ್ ಸಾರ್,” ಎಂದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಮೇಲೆ ಆ ಥ್ಯಾಂಕ್ಸ್ ನೆನಪಾಗಿ ಮುಖಕ್ಕೆ ಬೆಂಕಿ ಬಿದ್ದ ಹಾಗಾಯಿತು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಆ ಥ್ಯಾಂಕ್ಸ್‌ಗೇ.

ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಸಹಿ ಹಾಕಿದ ಹೊಸದರಲ್ಲಿ ಹೆಂಡತಿಯ ತಮ್ಮನನ್ನು ಪಕ್ಕ ಕೂರಿಸಿಕೊಂಡು ಭಾಷಣ ಬಿಗಿದವನು ಇವನೇ. “ಸರಳ ಕಣೋ! ಎರಡು ಕೋಟ್ ಬಳಿದಷ್ಟೇ ಸಲೀಸು.” ಈಗ ಮೋಸ ಹೋದೆ ಎಂದರೆ ಮೋಸ ಮಾಡಿದವನನ್ನು ಯಾರು ಬೈಯುತ್ತಾರೆ? ನಿನಗೆ ಬುದ್ಧಿ ಎಲ್ಲಿ ಹೋಗಿತ್ತು ಅನ್ನುತ್ತಾರೆ. ಬಿಲ್ಡರ್ ಕೊಡಬೇಕಿದ್ದ ಕೊನೆಯ ಬಿಲ್ಲಿನ ದುಡ್ಡೂ ನಿಂತಿತ್ತು. ಕೇಳಲೆಂದು ಹೋದವನು ನಮಸ್ಕಾರ ಹೇಳಿ ವಾಪಸ್ ಬರುತ್ತಿದ್ದ.

ಒಂದು ಭಾನುವಾರ ಭಾವಮೈದ ಬಂದ. ಅವನೂ ಬಣ್ಣದವನೇ. ಬಾಗಿಲಲ್ಲೇ ಕೂಗು ಹಾಕಿದ.

“ಅಕ್ಕಾ, ನಾಳೆಯಿಂದ ನಿನ್ನ ತಮ್ಮನೂ ಕಂಟ್ರಾಕ್ಟರ್ ಕಣೇ! ಬಿಲ್ಡರ್ ನಾಳೆ ಸೈಟಲ್ಲಿ ಎಲ್ಲರ ಕೈಲೂ ಸೈನ್ ಹಾಕಿಸ್ತಾರಂತೆ. ಭಾವ, ನಂಗೂ ಒಂದು ಬೋರ್ಡ್ ಬರ್ಕೊಡ್ಬೇಕು. ನೆರಳು ಹಾಕಿ, ನಿಮ್ದರ ಥರಾನೇ.”

“ನೋಡೋಣ ಬಿಡೋ,” ಎಂದ ಪೇಂಟರ್. ತಲೆ ಎತ್ತಲಿಲ್ಲ.

ಹುಡುಗ ಆ ಕಡೆ ಹೋದ, ಈ ಕಡೆ ಬಿಲ್ಡರನ ಫೋನು. “ನಾಳೆ ನೀನೂ ಬಾ. ಹೊಸಬರು ಸ್ವಲ್ಪ ಹೆದರ್ತಾರೆ. ನಾಲ್ಕು ಒಳ್ಳೆ ಮಾತಾಡು, ಸಾಕು. ನಿನ್ನ ಬಿಲ್ಲು ನಾಳೆನೇ ಪಾಸ್.”

ಸಣ್ಣ ಮನೆಯಲ್ಲಿ ಫೋನಿನ ಮಾತು ಎಲ್ಲರಿಗೂ ಕೇಳುತ್ತದೆ. ಹೆಂಡತಿ ಪಾತ್ರೆ ಬಿಟ್ಟು, ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು.

“ಅಂಗಿ ಯಾಕೆ ಆ ಮೊಳೆಗೇ ಹಾಕ್ತೀರ ಅಂತ ನಾನು ಇದುವರೆಗೂ ಕೇಳಿಲ್ಲ. ಈಗ ಕೇಳ್ತೀನಿ.”

ಅವನು ಹೇಳಿದ. ಗುಮಾಸ್ತನದು, ಸಾಲಿನವರ ನಗು, ಥ್ಯಾಂಕ್ಸ್ ಅಂದದ್ದು, ಎಲ್ಲ ಹೇಳಿದ.

“ನಾಚಿಕೆ ಆಗುತ್ತೆ ಕಣೇ. ದಡ್ಡ ಅಂತಾರೆ.”

“ಅನ್ನಲಿ. ದಡ್ಡ ಅನ್ನಿಸಿಕೊಳ್ಳೋಕೆ ಹೆದರಿ ನನ್ನ ತಮ್ಮನ್ನ ಗುಂಡಿಗೆ ತಳ್ತೀರಾ?”

“ಬಿಲ್ಲು ಪಾಸಾದ್ರೆ ಅಂಗಡಿಯವನ ಬಾಕಿ ತೀರುತ್ತಲ್ಲೇ...”

ಅವಳು ಎದ್ದು ಹೋಗಿ ಬೋರ್ಡಿನ ಮೇಲಿದ್ದ ಅಂಗಿ ತೆಗೆದು ಅವನ ಮಡಿಲಿಗೆ ಹಾಕಿದಳು.

ಬೆಳಿಗ್ಗೆ ಕಟ್ಟಡದ ಕೆಳಮಹಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕಿಟಕಿಗಳಿಗೆ ಇನ್ನೂ ಗಾಜಿಲ್ಲ. ಹತ್ತಾರು ಜನ ಕಾಗದದ ಲೋಟದಲ್ಲಿ ಟೀ ಹಿಡಿದು ಕೂತಿದ್ದರು. ಭಾವಮೈದ ಮುಂದಿನ ಸಾಲಿನಲ್ಲಿದ್ದ, ಪೆನ್ನಿನ ಮುಚ್ಚಳ ಆಗಲೇ ತೆಗೆದಿದ್ದ. ಪೇಂಟರನ ಹಾಗೇ ಮೊದಲೇ ಸಹಿ ಹಾಕಿದ್ದ ಪ್ಲಂಬರ್ ಹಿಂದುಗಡೆ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದ. ಪೇಂಟರ್‌ಗೆ ಆ ನಿಲುವು ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು.

“ನಮ್ಮ ಕಂಟ್ರಾಕ್ಟ್ರು ಈಗ ಎರಡು ಮಾತಾಡ್ತಾರೆ,” ಎಂದು ಬಿಲ್ಡರ್ ಚಪ್ಪಾಳೆ ತಟ್ಟಿದ.

ಪೇಂಟರ್ ಎದ್ದ. “ಇದು... ಸರಳ,” ಎಂದ. ಎಲ್ಲರೂ ನಕ್ಕು ತಲೆಯಾಡಿಸಿದರು. ಲೆಕ್ಕಿಗ ಕಾಗದಗಳನ್ನು ಮುಂದಕ್ಕೆ ಸರಿಸಿದ. ಭಾವಮೈದ ಮೊದಲನೆಯದಕ್ಕೇ ಕೈ ಚಾಚಿದ.

“ತಡಿಯೋ!” ಪೇಂಟರ್ ಕೂಗಿದ್ದು ತಾನೇ ಬೆಚ್ಚುವಷ್ಟು ಜೋರಾಗಿತ್ತು. “ಸರಳ ಇರೋದು ಅವರಿಗೆ. ಕೈಗೆ ಬಂದದ್ದು ಅಂದ್ರೆ ಏನು ಅಂತ ಅವರನ್ನ ಕೇಳು ಮೊದಲು. ನಾವು ಅನ್ನೋ ಕೈಗೆ ಬಂದದ್ದಲ್ಲ ಅದು. ಬಣ್ಣದ್ದು, ಆಳಿಂದು, ಎಲ್ಲಾ ಸೇರಿಸಿ ಅದರ ಮೇಲೆ ತೆರಿಗೆ. ಬಣ್ಣದ ಮೇಲಿನ ತೆರಿಗೆ ವಾಪಸ್ಸೂ ಬರಲ್ಲ, ಅವರೂ ಕೊಡಲ್ಲ. ನಾನು ಮೋಸ ಹೋದೆ. ದಡ್ಡ ನಾನು. ನಿನಗೂ ಹೇಳದೆ ಮುಚ್ಚಿಟ್ಟೆ.”

ಅವನ ಕಿವಿಯೆಲ್ಲ ಕೆಂಪಾಗಿತ್ತು. ಆಗ ಕಂಬದ ಹತ್ತಿರದಿಂದ ಪ್ಲಂಬರನ ದನಿ ಬಂತು.

“ಅಣ್ಣಾ, ನಿಂಗೂ ಹಂಗೇ ಆಯ್ತಾ? ನಂಗೊಬ್ಬನಿಗೇ ತಲೆ ಇಲ್ಲ ಅಂದ್ಕೊಂಡಿದ್ದೆ. ಪೈಪಿನ ಅಂಗಡಿ ಮುಂದೆ ಹೋಗೋದೇ ಬಿಟ್ಟಿದೀನಿ. ಹಿಂದಿನ ಗಲ್ಲೀಲಿ ಓಡಾಡ್ತೀನಿ.”

ಪೇಂಟರ್ ಅವನನ್ನೇ ನೋಡಿದ. ಒಂದೇ ಊರಿನ ಹಿಂದಿನ ಗಲ್ಲಿಗಳಲ್ಲಿ ಇಬ್ಬರೂ ತಲೆ ಬಗ್ಗಿಸಿ ನಡೆಯುತ್ತಿದ್ದರು, ಒಬ್ಬರಿಗೊಬ್ಬರು ಕಂಡಿರಲಿಲ್ಲ.

ಭಾವಮೈದ ಪೆನ್ನಿಗೆ ಮುಚ್ಚಳ ಹಾಕಿದ. “ಮೊದಲು ನಮ್ಮ ಭಾವನ ಬಿಲ್ಲು ಪಾಸ್ ಮಾಡಿ ಸಾರ್, ಬಣ್ಣದ ತೆರಿಗೆನೂ ಸೇರಿಸಿ. ಅಲ್ಲೀತನಕ ಮೇಲಿನ ಮಹಡಿಗೆ ಬ್ರಷ್ ಹತ್ತಲ್ಲ.”

“ಪೈಪೂ ಹತ್ತಲ್ಲ,” ಎಂದ ಪ್ಲಂಬರ್. ಕುರ್ಚಿಗಳು ಹಿಂದಕ್ಕೆ ಸರಿದ ಸದ್ದಾಯಿತು. ಒಬ್ಬೊಬ್ಬರಾಗಿ ಎದ್ದರು.

ಬಿಲ್ಡರ್ ಮೇಜು ಗುದ್ದಿದ. “ಕೆಲಸ ಕೊಟ್ಟು ಮನುಷ್ಯನ್ನ ಮಾಡಿದ್ದಕ್ಕೆ ಇದಾ? ನಾಚಿಕೆ ಆಗಲ್ವೇನೋ ನಿಂಗೆ?”

ಪೇಂಟರ್ ತಿರುಗಿ ನಿಂತ.

“ಆಗ್ತಾನೇ ಇತ್ತು ಸಾರ್,” ಎಂದ. “ಬೋರ್ಡ್ ಮುಚ್ಕೊಂಡು, ಗಲ್ಲಿ ಸುತ್ಕೊಂಡು, ಊಟ ಸೇರದೆ ನಾಚಿಕೆ ಪಟ್ಟಿದೀನಿ. ಬಣ್ಣದ ತೆರಿಗೆ ಕಟ್ಟಿದ ಹಾಗೆ ನಿಮ್ಮ ಪಾಲಿನ ನಾಚಿಕೆನೂ ಇಷ್ಟು ದಿನ ನಾನೇ ಪಟ್ಟೆ. ಇನ್ಮೇಲೆ ನಿಮ್ದು ನೀವು ಪಡಿ.”

ಆ ಬಿಲ್ಲು ಇವತ್ತಿಗೂ ಪಾಸಾಗಿಲ್ಲ. ಮೇಲಿನ ಮಹಡಿಗೆ ಬಣ್ಣವೂ ಬಿದ್ದಿಲ್ಲ. ಆ ದಿನ ಮಾತ್ರ ಅವರೆಲ್ಲ ಒಟ್ಟಿಗೆ ಗೇಟು ದಾಟಿ ಮುಂದಿನ ರಸ್ತೆಗೇ ಬಂದರು. ಬಣ್ಣದ ಅಂಗಡಿಯವನು ನಗಲು ಬಾಯಿ ತೆರೆದ. ಪೇಂಟರ್ ನಿಂತ, ಅವನ ಮುಖ ನೋಡಿದ, “ಬಾಕಿ ಇದೆ, ಗೊತ್ತು. ಯಾಕೆ ಇದೆ ಅಂತ ಕೂತ್ಕೊಂಡು ಹೇಳ್ತೀನಿ, ಕೇಳು,” ಎಂದ.