ಮನೆಯವರನ್ನು ಬಿಟ್ಟು

ಮನೆಯವರ ಬಗ್ಗೆ ಇನ್ನು ಒಂದು ಸಾಲೂ ಬರೆಯುವುದಿಲ್ಲವೆಂದು ಜಯಸಿಂಹ ಆಣೆ ಮಾಡಿ ಆರು ವರ್ಷವಾಗಿತ್ತು. ಎರಡು ವರ್ಷದ ಮಗಳನ್ನು ಎತ್ತಿ ತಂದು, ಅವನ ಬಲಗೈಯನ್ನು ಮಗುವಿನ ತಲೆಯ ಮೇಲೆ ಇಟ್ಟವಳು ಹೆಂಡತಿ ಕಾತ್ಯಾಯಿನಿ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವ ಅವನಿಗೆ ಆಣೆಯಲ್ಲಿ ನಂಬಿಕೆಯಿರಲಿಲ್ಲ. ಆದರೂ ಆಣೆಯ ಮಾತು ಹೇಳಿದ.

ಕಾರಣ ಒಂದು ಕಥೆ. ಮಡಿ ಹೆಂಗಸಾದ ಅತ್ತೆ, ಕಾತ್ಯಾಯಿನಿಯ ತಾಯಿ, ಬಚ್ಚಲಮನೆಯಲ್ಲಿ ನಿಂತು ಈರುಳ್ಳಿ ಬೋಂಡ ತಿನ್ನುವುದನ್ನು ಅವನು ಕಂಡಿದ್ದ. ಬರೆದ. ವಾರಪತ್ರಿಕೆಯಲ್ಲಿ ಬಂತು. ಹೆಸರು ಬದಲಿಸಿದ್ದ, ಅವರು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುವ ರೀತಿಯನ್ನು ಬದಲಿಸಿರಲಿಲ್ಲ. ಬಸವನಗುಡಿಯ ನೆಂಟರೆಲ್ಲ ಗುರುತು ಹಿಡಿದರು. ಅತ್ತೆ ಮತ್ತೆ ಈ ಮನೆಯ ಮೆಟ್ಟಿಲು ಹತ್ತಲಿಲ್ಲ. ಮಗನ ಮನೆಯಲ್ಲಿ ಸತ್ತರು. ಅದು ಜೀವವಿರುವ ಕಥೆ ಎಂದು ಯಾರೋ ವಿಮರ್ಶೆ ಬರೆದರು. ಆಮೇಲೆ ಅವನು ಬರೆದ ಯಾವುದಕ್ಕೂ ಆ ಮಾತು ಬರಲಿಲ್ಲ.

ಈಗ ಮಗಳು ಸೀತಾಲಕ್ಷ್ಮಿಗೆ ಎಂಟು. ಮೂರು ದಿನದಿಂದ ಮೈತುಂಬ ಸೀತಾಳೆ ಸಿಡುಬು. ಬಾಗಿಲಿಗೆ ಬೇವಿನ ಸೊಪ್ಪು, ಅಡುಗೆಮನೆಯಲ್ಲಿ ಒಗ್ಗರಣೆಯಿಲ್ಲ. ವಿಶೇಷಾಂಕಕ್ಕೆ ಕಥೆ ನಾಳೆ ಟಪಾಲಿಗೆ ಬೀಳಬೇಕು. ರಜೆ ಹಾಕಿ ಕೂತವನು ಹನ್ನೊಂದು ಗಂಟೆಗೆ ಎದ್ದ.

"ಸ್ವಲ್ಪ ಹೊರಗೆ ಹೋಗಿ ಬರ್ತೀನಿ."

"ಯಾಕೆ?"

"ಸುಮ್ನೆ."

"ಕಥೆ ಹುಡುಕೋಕಾ?"

ಅವನು ಚಪ್ಪಲಿ ಮೆಟ್ಟಿದ.

ಯಡಿಯೂರು ಕೆರೆಯ ಏರಿಯ ಮೇಲೆ ನಿಂತು ನೋಡಿದ. ಅಗಸನೊಬ್ಬ ಕಲ್ಲಿಗೆ ಸೀರೆ ಬಡಿಯುತ್ತಿದ್ದ. ಇವನ ಹೆಂಡತಿ ಓಡಿಹೋಗಿದ್ದಾಳೆ, ಎಂದುಕೊಂಡ. ಬೇಡ, ಇವನೇ ಎಲ್ಲಿಂದಲೋ ಓಡಿಬಂದಿದ್ದಾನೆ. ಆ ಮನುಷ್ಯ ಮಾತ್ರ ತನಗೇನೂ ಆಗಿಲ್ಲವೆಂಬಂತೆ ಸೀರೆ ಹಿಂಡಿ ಹಾಕಿದ.

"ಏನ್ ಮೇಷ್ಟ್ರೇ, ಮನೇಲಿ ಅಮ್ಮ ಬಂದವ್ಳೆ, ನೀವಿಲ್ಲಿ ಗಾಳಿ ತಕ್ಕೊಂಡು ನಿಂತಿದ್ದೀರಾ?"

ಮನೆ ಓನರು ಚಿಕ್ಕಬೈರಪ್ಪ. ಜಯನಗರ ಆಗುವ ಮುಂಚೆ ಇವರ ಮನೆಯ ಸಾಲೆಲ್ಲ ಅವನ ರಾಗಿ ಹೊಲ.

"ಒಂದು ಕಥೆ ಬರೀಬೇಕಾಗಿತ್ತು..."

"ಅದಕ್ಕೆ ನೀರು ನೋಡ್ತಾ ನಿಂತ್ರಾ? ನಂದೇ ಬರ್ಕಳಿ. ನೀವು ದಿನಾ ಸ್ನಾನ ಮಾಡ್ತೀರಲ್ಲ, ಆ ಬಚ್ಚಲು, ಅದರಡೀಲೇ ನಮ್ಮಪ್ಪನ್ನ ಮಣ್ಣು ಮಾಡಿದ್ದು."

ಜಯಸಿಂಹ ಅವನ ಮುಖ ನೋಡಿದ.

"ಹೆದರ್ಕೋಬೇಡಿ, ಒಳ್ಳೇ ಮನ್ಸ. ಯಾರಿಗೂ ತೊಂದ್ರೆ ಕೊಡಲ್ಲ. ಬಿಸಿನೀರು ಮಾತ್ರ ಜಾಸ್ತಿ ಸುರೀಬೇಡಿ." ಚಿಕ್ಕಬೈರಪ್ಪ ನಕ್ಕ. ನಗು ಅರ್ಧಕ್ಕೆ ನಿಂತಿತು. "ಲೇಔಟ್ ಮಾಡೋವಾಗ ಗೋರಿ ಕಲ್ಲು ಎತ್ತಿಡೋಕೂ ಟೈಮ್ ಕೊಡ್ಲಿಲ್ಲ, ಸಾರ್."

ಒಳ್ಳೆಯ ಕಥೆ. ಯಾರಾದರೂ ಬರೆಯಬಹುದು. ಅವನೊಳಗೆ ಏನೂ ಅಲುಗಲಿಲ್ಲ. "ನೋಡೋಣ," ಎಂದು ಮನೆಯ ಕಡೆ ತಿರುಗಿದ.

ಕೋಣೆಯ ಬಾಗಿಲಲ್ಲಿ ನಿಂತ. ಮಗಳ ಕತ್ತಿನ ಬಳಿಯ ಗುಳ್ಳೆಗಳಲ್ಲಿ ಕಿಟಕಿಯ ಬೆಳಕು ಬಿದ್ದಿತ್ತು. ಪ್ರತಿಯೊಂದರಲ್ಲೂ ಒಂದು ಪುಟ್ಟ ಕಿಟಕಿ. ಅವನು ಒಂದು ಹೆಜ್ಜೆ ಒಳಗಿಟ್ಟು ಬಗ್ಗಿದ.

"ಹಾಗೆ ನೋಡ್ಬೇಡಿ ಅವಳನ್ನ," ಎಂದಳು ಕಾತ್ಯಾಯಿನಿ.

"ಹೇಗೆ?"

"ನಮ್ಮಮ್ಮನ್ನ ನೋಡ್ತಿದ್ರಲ್ಲ, ಹಾಗೆ."

"ಏನೇನೋ ಮಾತಾಡ್ಬೇಡ."

ಹೊರಗೆ ಬೀದಿ ನಲ್ಲಿಯ ಹತ್ತಿರ ಕೊಡಗಳ ಗದ್ದಲ. ಅವಳು ಎದ್ದಳು. "ನೀರು ಬಂತು. ಅವಳ ಎರಡೂ ಕೈ ಹಿಡ್ಕೊಂಡು ಕೂತಿರಿ. ಕೆರ್ಕೊಂಡ್ರೆ ಕಲೆ ಜನ್ಮಕ್ಕೂ ಹೋಗಲ್ಲ. ಹಿಡ್ಕೋತೀರಾ?"

"ಹಿಡ್ಕೋತೀನಿ, ಹೋಗು."

ಪುಟ್ಟ ಮಣಿಕಟ್ಟುಗಳು ಬೆಂಕಿಯಂತೆ ಸುಡುತ್ತಿದ್ದವು. ಸೀತಾಲಕ್ಷ್ಮಿ ಕೊಸರಿದಳು.

"ಬಿಡಪ್ಪ, ಒಂದೇ ಒಂದ್ಸಲ."

"ಊಹೂಂ."

"ಅಪ್ಪ, ಈ ಮೈ ನಂದಲ್ಲ. ಯಾರೋ ಒಗೆಯೋಕೆ ಹಾಕಿ ಹೋಗಿದಾರೆ."

ಆ ಮಾತಿನ ಹಿಂದೆ ಎರಡನೆಯ ಸಾಲು ತಾನಾಗಿ ಬಂತು, ಮೂರನೆಯದು. ಆರು ವರ್ಷ ಬಾರದ್ದು. ತಿದ್ದಲು ತಂದಿದ್ದ ಉತ್ತರಪತ್ರಿಕೆಗಳು ಮಂಚದ ಪಕ್ಕದಲ್ಲೇ ಇದ್ದವು. ಅವಳ ಎರಡೂ ಕೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ಯಾವನೋ ಹುಡುಗನ ಉತ್ತರದ ಬೆನ್ನಿಗೆ ಬರೆಯತೊಡಗಿದ. ಹಾಳೆ ಜಾರಿತು. ಮತ್ತೆ ಜಾರಿತು. ಒಂದು ಸಾಲು, ಅಷ್ಟೇ, ಎಂದುಕೊಂಡು ಎಡಗೈಯನ್ನು ಹಾಳೆಯ ಮೇಲಿಟ್ಟ.

ಪುಟ ತಿರುಗಿಸುವಾಗ ಉಗುರಿನ ಸದ್ದು ಕೇಳಿಸಿತು. ಎಳೆಯ ಸೌತೆಕಾಯಿ ಹೆರೆದಂಥ ಸದ್ದು. ಅದನ್ನೂ ಬರೆದುಕೊಂಡ.

ನಲ್ಲಿಯ ಹತ್ತಿರ ಯಾರದೋ ಕೊಡ ತುಂಬಿ ಚೆಲ್ಲುತ್ತಿತ್ತು. ಸೀತಾಲಕ್ಷ್ಮಿಯ ಹುಬ್ಬಿನ ಮೇಲೆ ಗುಳ್ಳೆಯೊಡೆದು, ತಿಳಿನೀರು ಸ್ವಲ್ಪ ಕೆಂಪಾಗಿ ಕಿವಿಯ ಕಡೆಗೆ ಹರಿಯಿತು. ಅವಳು ಕಣ್ಣು ಮುಚ್ಚಿ, ಹಾಯೆನಿಸಿದವಳಂತೆ ನಗುತ್ತಿದ್ದಳು.

ಜಯಸಿಂಹ ಆಣೆ ಮುರಿದಿದ್ದ. ನಾಲ್ಕನೆಯ ಪುಟ ನಡೆಯುತ್ತಿತ್ತು.