ರಸ್ತೆ ಮಟ್ಟದಿಂದ ನಲವತ್ತು ಅಡಿ

ಹಡಗಲಿಯಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸು ಐದು ನಿಮಿಷ ನಿಂತು ಹೋಗುವ ಊರು ನಮ್ಮದು. ಬಜಾರ್ ಬೀದಿಯಲ್ಲಿ ಇರುವುದೆಲ್ಲ ಒಂದಂತಸ್ತಿನ ಅಂಗಡಿಗಳು. ಇಂಥ ಬೀದಿಯಲ್ಲಿ ಕಟ್ಟಡಗಳು ಎಷ್ಟು ಎತ್ತರ ಇರಬೇಕೆಂದು ನಮ್ಮ ಪಟ್ಟಣ ಪಂಚಾಯಿತಿ ಎರಡು ತಾಸು ಚರ್ಚಿಸಿತು. ಆ ವಾರವಿಡೀ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಆದರೆ ನೀರು ಅಂದಿನ ಕಾರ್ಯಸೂಚಿಯಲ್ಲಿ ಇರಲಿಲ್ಲ.

ಚರ್ಚೆ ಎತ್ತಿದವರು ಬಟ್ಟೆ ವ್ಯಾಪಾರಿ, ಸದಸ್ಯ ಏಕಾಂತಪ್ಪನವರು. ಬಜಾರಿನಲ್ಲಿ ಅವರು ನಾಲ್ಕಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸುತ್ತಿದ್ದರು. ನಕ್ಷೆಯ ಪ್ರಕಾರ ಸರಿಯಾಗಿ ನಲವತ್ತು ಅಡಿ. ಮುಂದೆ ಯಾರೂ ಅದಕ್ಕಿಂತ ಮೇಲೆ ಹೋಗಬಾರದೆಂಬುದು ಅವರ ಸಾರ್ವಜನಿಕ ಕಾಳಜಿ.

"ಊರಿಗೆ ಗಾಳಿ ಬೆಳಕು ಬೇಕಲ್ರಿ. ನಲವತ್ತು ಅಡಿ ಸಾಕು," ಎಂದರು. ಸಭೆ ಮೇಜು ಕುಟ್ಟಿತು.

ನಿಯಮ ಟೈಪ್ ಮಾಡಿದವನು ನಾನು, ಹುಲುಗೇಶ್, ಪಂಚಾಯಿತಿಯ ಗುಮಾಸ್ತ. ಬರೀ ನಲವತ್ತು ಅಡಿ ಎಂದರೆ ಬೋಳಾಗಿ ಕಾಣುತ್ತದೆಂದು 'ರಸ್ತೆ ಮಟ್ಟದಿಂದ' ಎಂಬ ಎರಡು ಪದ ನಾನೇ ಸೇರಿಸಿದೆ. ಮುಖ್ಯಾಧಿಕಾರಿಗಳು ಭೇಷ್ ಅಂದರು. ಸಂಜೆ ಅವ್ವನ ಅಂಗಡಿಯಲ್ಲಿ ಅದನ್ನೇ ಕೊಚ್ಚಿಕೊಳ್ಳುತ್ತ ನಾಲ್ಕು ಮಿರ್ಚಿ ಹೆಚ್ಚಿಗೆ ತಿಂದೆ.

ಅವ್ವ, ಪಕ್ಕೀರಮ್ಮ, ಏಕಾಂತಪ್ಪನವರ ಕಟ್ಟಡದ ಎದುರೇ ಮೂವತ್ತು ವರ್ಷಗಳಿಂದ ಮಂಡಕ್ಕಿ ಮಿರ್ಚಿ ಮಾರುತ್ತಾಳೆ. ಎರಡು ಮೆಟ್ಟಿಲು ಹತ್ತಿದರೆ ತಗಡಿನ ಸೂರು, ಒಲೆ, ಒಂದು ಬೆಂಚು. ಆ ಬೆಂಚಿನ ಮೇಲೆ ಕೂತೇ ನಾನು ಅಕ್ಷರ ತಿದ್ದಿದ್ದು, ಬಿ.ಎ. ಮುಗಿಸಿದ್ದು. ನನ್ನ ನೌಕರಿ ಆ ಬಾಣಲೆಯಲ್ಲೇ ಬೆಂದದ್ದು.

ಕಾಂಪ್ಲೆಕ್ಸ್ ಮುಗಿಯುವ ಹೊತ್ತಿಗೆ ವಾಸ್ತು ಹೇಳುವವರೊಬ್ಬರು ಬಂದು, ನೈರುತ್ಯ ಮೂಲೆ ತಗ್ಗಾಯಿತು, ವ್ಯಾಪಾರ ಕೈಗೆ ಹತ್ತುವುದಿಲ್ಲ ಅಂದರು. ಏಕಾಂತಪ್ಪನವರು ಆ ಮೂಲೆಯನ್ನು ಎರಡು ಅಡಿ ಏರಿಸಿದರು. ಯಾರೋ ಪುಣ್ಯಾತ್ಮರು ದೂರು ಅರ್ಜಿ ಹಾಕಿದರು. ಎಂಜಿನಿಯರ್ ಪ್ರವೀಣಕುಮಾರ್ ಮೇಲಿಂದ ಟೇಪು ಇಳಿಬಿಟ್ಟು ಅಳೆದರೆ ನಲವತ್ತೆರಡು.

"ಎರಡ ಅಡಿ ಒಡಸಬೇಕಾಕ್ಕತಿ ನೋಡ್ರಿ," ಎಂದರು ಪ್ರವೀಣಕುಮಾರ್, ತಲೆ ತಗ್ಗಿಸಿ.

"ನೈರುತ್ಯ ಮುಟ್ಟಂಗಿಲ್ಲ," ಎಂದರು ಏಕಾಂತಪ್ಪನವರು. "ಬ್ಯಾರೆ ದಾರಿ ನೋಡ್ರಿ."

ನಿಯಮ ಓದಲು ನನ್ನನ್ನು ಕರೆದರು. 'ರಸ್ತೆ ಮಟ್ಟದಿಂದ' ಎಂದು ಓದಿದ್ದೇ ತಡ, ಎಂಜಿನಿಯರ್ ಮುಖ ಅರಳಿತು.

ಹದಿನೈದು ದಿನದಲ್ಲಿ ಬಜಾರಿಗೆ ಕಾಂಕ್ರೀಟ್ ರಸ್ತೆ ಮಂಜೂರಾಯಿತು. ಹಳೆಯದನ್ನು ಅಗೆಯುವ ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇಲ್ಲ. ಅದರ ಮೇಲೇ ಮಣ್ಣು, ಮಣ್ಣಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಕಾಂಕ್ರೀಟ್, ಒಟ್ಟು ಎರಡು ಅಡಿ. ಮತ್ತೆ ಟೇಪು ಇಳಿಬಿಟ್ಟರು. ಬರೋಬ್ಬರಿ ನಲವತ್ತು. ಕಟ್ಟಡ ಒಂದಿಂಚೂ ಕರಗದೆ ಕಾನೂನಿಗೆ ತಲೆಬಾಗಿತು. ಅದರ ಪಾಯ ಮೊದಲೇ ನಾಲ್ಕು ಅಡಿ ಇದ್ದುದರಿಂದ ಏಕಾಂತಪ್ಪನವರಿಗೆ ಹತ್ತುವ ಮೆಟ್ಟಿಲುಗಳೂ ಕಡಿಮೆಯಾದವು.

ಅವ್ವನ ಎರಡು ಮೆಟ್ಟಿಲು ರಸ್ತೆಯೊಳಗೆ ಹೂತುಹೋದವು. ಹತ್ತಿ ಹೋಗುತ್ತಿದ್ದ ಅಂಗಡಿಗೆ ಈಗ ಒಂದು ಅಡಿ ಇಳಿಯಬೇಕು. ಮೊದಲ ಮಳೆಗೆ ಬೀದಿಯ ನೀರೆಲ್ಲ ಒಲೆಗೆ ಬಂತು. ನೆಲ ಏರಿಸಿದರೆ ತಗಡು ತಲೆಗೆ ಬಡಿಯುತ್ತದೆ. ಹಾಗಾಗಿ ಸೂರು ಎತ್ತಲು ಪರವಾನಗಿ ಕೇಳಿ ಅವ್ವ ಅರ್ಜಿ ಕೊಟ್ಟಳು. ಅರ್ಜಿಯನ್ನೂ ನಾನೇ ಬರೆದೆ, ಒಳ್ಳೆಯ ಕನ್ನಡದಲ್ಲಿ.

ಪ್ರವೀಣಕುಮಾರ್ ಬಂದು ಅಳೆದರು. ಬಡವರ ಅರ್ಜಿ ಅಷ್ಟು ಬೇಗ ವಿಲೇವಾರಿಯಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ರಸ್ತೆ ಮಟ್ಟಕ್ಕಿಂತ ಕೆಳಗಿರುವುದರಿಂದ ಸದರಿ ಅಂಗಡಿ ನೆಲಮಾಳಿಗೆ. ನೆಲಮಾಳಿಗೆಯಲ್ಲಿ ವಾಹನ ನಿಲುಗಡೆ ಬಿಟ್ಟು ಯಾವ ವ್ಯಾಪಾರಕ್ಕೂ ಅವಕಾಶವಿಲ್ಲ. ಏಳು ದಿನದೊಳಗೆ ಒಲೆ ತೆಗೆಯತಕ್ಕದ್ದು.

ನೋಟಿಸನ್ನು ಟೈಪ್ ಮಾಡಿದೆ. ಆಗುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಖುದ್ದಾಗಿ ಜಾರಿ ಮಾಡಿ ಸಹಿ ತರಲು ನನಗೇ ಹೇಳಿದರು, ಅದಕ್ಕೂ ಹೂಂ ಅಂದೆ.

ಬೈಕನ್ನು ರಸ್ತೆಯ ಮೇಲೆ ನಿಲ್ಲಿಸಿ ಅಂಗಡಿಗೆ ಇಳಿದೆ. ಅವ್ವ ಹಿಟ್ಟು ಕಲಸುತ್ತಿದ್ದಳು.

"ಓದಪಾ," ಎಂದಳು.

ಓದಿದೆ.

"ಚಂದ ಬರದಾರ. ಯಾರು ಬರದದ್ದು?"

"ನಾನ ಯವ್ವ."

"ಆ ರಸ್ತಿ ಮಟ್ಟ ಅನ್ನೋದು?"

"ಅದೂ ನಾನ."

ನಾಚಿಕೆಯಿಂದ ನೆಲ ನೋಡಿದೆ. ನೆಲದ ಮೇಲೆ ಇನ್ನೂ ಮಳೆಯ ಕೆಸರಿನ ಗೆರೆಯಿತ್ತು. ಅವ್ವ ಸೆರಗಿಗೆ ಕೈ ಒರೆಸಿಕೊಂಡು, ನಾನು ಕಲಿಸಿದಂತೆಯೇ ಕೂಡಿಸಿ ಕೂಡಿಸಿ ಸಹಿ ಹಾಕಿದಳು. ಆಮೇಲೆ ಒಲೆ ಆರಿಸಿದಳು.

"ಏಳ ದಿನ ಐತಿ ಯವ್ವ."

"ಗಾಡಿ ಎಲ್ಲಿ ಹಚ್ಚೀದಿ?"

"ಹೊರಗ, ರಸ್ತಿ ಮ್ಯಾಲ."

"ಒಳಗ ತಂದು ಹಚ್ಚು. ನೀನ ಬರದೀಯಲ್ಲ, ಇದು ಗಾಡಿ ನಿಲ್ಲಸೋ ಜಾಗ ಅಂತ."

ತಮಾಷೆ ಅಂದುಕೊಂಡೆ. ಅವ್ವ ಬೆಂಚು ಎತ್ತಿ ಗೋಡೆಗೆ ಆನಿಸಿ, ಜಾಗ ಮಾಡಿ, ಕಾಯುತ್ತ ನಿಂತಳು. ಹಲಗೆ ಇಟ್ಟು ಬೈಕ್ ಇಳಿಸಿದೆ. ಬೆಂಚು ಇದ್ದಲ್ಲಿ ಅದನ್ನು ನಿಲ್ಲಿಸುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.