ಎರಡು ತುಂಡಾಗಿ ಬರುವ ಮನೆ

ಬಟ್ಟೆ ಒಣಹಾಕುವ ತಂತಿಕಂಬ ಮತ್ತೆ ಕಿರ್ ಎಂದಿತು, ಅದೊಂದು ಮಾತ್ರ ಸುಟ್ಟುಹೋಗಲಿಲ್ಲ, ಬಟ್ಟೆ ಕಿತ್ತುಹೋದ ಕೊಡೆಯ ಹಾಗೆ ಕಬ್ಬಿಣದ ಕೈಗಳನ್ನು ಚಾಚಿಕೊಂಡು ಗಾಳಿಗೆ ಸುತ್ತುತ್ತಿದೆ, ಕ್ಲಿಪ್ಪುಗಳು ಕರಗಿ ತಂತಿಗೇ ಅಂಟಿವೆ, ಹೋದ ಬೇಸಿಗೆಯ ಕಾಡುಬೆಂಕಿಗೆ ಮನೆ ಹೋಯಿತು, ಒಲೆ ಹೋಯಿತು, ಕುರಿ ಕಾಯುವ ನಾಯಿ ಹೋಯಿತು, ಇದು ಸುತ್ತುತ್ತಲೇ ಇದೆ — ಐಲ್ಸಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾಳೆ, ಕ್ಯಾರವಾನಿನ ಈ ಅಂಗೈಯಗಲದ ಮೇಜಿನ ಮೇಲೆ ಬ್ರೆಡ್ಡಿನ ಗುಡ್ಡೆ, ತಿನ್ನುವವರು ಯಾರು, ಹೊರಗೆ ಗಂಡ ಕ್ಲೆಮ್ ಸಾಸೇಜು ಸುಡುವ ತಗಡನ್ನು ಉಜ್ಜುತ್ತಿದ್ದಾನೆ, ಉಜ್ಜುತ್ತಿದ್ದಾನೋ ಕೈ ತಾನಾಗಿ ನಡುಗುತ್ತಿದೆಯೋ ಹೆಂಡತಿಗೂ ಈಗ ತಿಳಿಯುವುದಿಲ್ಲ. ಬೆಣ್ಣೆ ಜಾಸ್ತಿ ಹಾಕೇ, ಬ್ರೂನೋ ಹೊಟ್ಟೆ ನಿಂಗೊತ್ತಲ್ಲ. ಹಾಕ್ತಿದೀನಿ ಕಣೋ. ಬಿಯರ್ ಐಸಲ್ಲಿಟ್ಟಿದೀನಿ, ಬಿಸಿ ಬಿಯರ್ ಕೊಟ್ರೆ ಕಂಬಕ್ಕೆ ತೋಡಿದ ಗುಂಡೀಲಿ ಮೊದ್ಲು ನನ್ನೇ ಹೂಳ್ತಾರೆ. ನಗುತ್ತಾನೆ, ನಗಬೇಡ ಮಾರಾಯ, ಇವತ್ತು ನಗಬೇಡ, ಅವಳು ಇನ್ನೊಂದು ಬ್ರೆಡ್ಡು ತೆಗೆಯುತ್ತಾಳೆ.

ಸುಟ್ಟ ಮನೆಯೂ ಕಿಟ್ ಮನೆಯೇ ಆಗಿತ್ತು, ನಂಬರ್ ಹಾಕಿದ ಮರದ ತುಂಡುಗಳ ಕಟ್ಟಾಗಿ ಬಂದು ಬಿತ್ತು, ಆ ಶನಿವಾರ ಕಣಿವೆಗೆ ಕಣಿವೆಯೇ ಸುತ್ತಿಗೆ ಹಿಡಿದು ಬಂತು, ಕತ್ತಲಾಗುವ ಮೊದಲು ಚೌಕಟ್ಟು ಎದ್ದು ನಿಂತಿತ್ತು, ಕ್ಲೆಮ್‌ನ ಗೆಳೆಯ ಬ್ರೂನೋ ಹಿಂಬಾಗಿಲನ್ನು ಉಲ್ಟಾ ಕೂರಿಸಿದ, ಬಟ್ಟೆ ಬುಟ್ಟಿ ಹಿಡಿದು ಹೊರಟಾಗಲೆಲ್ಲ ಅದು ಮೊಣಕೈಗೆ ಬಡಿಯುತ್ತಿತ್ತು, ಅವಳು ಬೈಯುತ್ತಿದ್ದಳು, ಆ ಬಾಗಿಲೂ ಬೂದಿ. ಈಗಲೂ ಕ್ಲೆಮ್‌ಗೆ ಕಿಟ್ಟೇ ಬೇಕು. ಅವಳಿಗೆ ಬೇಕಾದದ್ದು ಕಾರ್ಖಾನೆಯಲ್ಲೇ ಮುಗಿದು ಲಾರಿಯ ಮೇಲೆ ಎರಡು ತುಂಡಾಗಿ ಬರುವ ಮಾಡ್ಯುಲರ್ ಮನೆ, ಜೋಡಿಸಿದ ದಿನವೇ ಚಹಾ ಕಾಯಿಸಬಹುದು, ಏಣಿಯಿಲ್ಲ, ಗರಗಸವಿಲ್ಲ. ಅದು ಮನೆಯಲ್ಲ ಕಣೇ, ಫ್ರಿಜ್ಜು ಇಳಿಸಿದ ಹಾಗೆ ಇಳಿಸಿ ಹೋಗ್ತಾರೆ. ಫ್ರಿಜ್ಜು ತಂದ್ರೆ ಗಂಡ ಏಣಿಯಿಂದ ಬೀಳಲ್ಲ. ಮೆಲ್ಬರ್ನಿನ ಡಾಕ್ಟರು ಈ ನಡುಕ ಇಳಿಯುವುದಿಲ್ಲ, ಏರುತ್ತದೆ ಎಂದರು, ಅವನು ಕೇಳಿಸಿಕೊಂಡ, ವಾಪಸು ಬರುವಾಗ ಕಾರಿನಲ್ಲಿ ಹೊಸ ಮನೆಯ ಕಂಬಗಳ ಮಾತೇ ಆಡಿದ. ಕೊನೆಗೆ ಅವನೇ ಹೇಳಿದ್ದು, ಶನಿವಾರ ಜನ ಬಂದ್ರೆ ಕಿಟ್ಟು, ಬರ್ದಿದ್ರೆ ನಿನ್ನ ಫ್ರಿಜ್ಜು, ಸರೀನಾ? ಬಂದೇ ಬರುತ್ತಾರೆಂಬ ಧೈರ್ಯ ಅವನಿಗೆ. ಗುರುವಾರ ಊರಿನ ಹಾಲ್‌ಗೆ ಚಹಾಕ್ಕೆ ಹೋಗ್ತೀಯಲ್ಲ, ಒಂದು ಮಾತು ಎಲ್ರ ಕಿವಿಗೆ ಹಾಕ್ಬಿಡು. ಇಲ್ಲಿ ಯಾರೂ ಬನ್ನಿ ಎಂದು ಕರೆಯುವುದಿಲ್ಲ, ಕರೆದರೆ ಕೈಯೊಡ್ಡಿದ ಹಾಗೆ, ಚಹಾ ಕುಡಿಯುತ್ತಾ ಶನಿವಾರ ಕ್ಲೆಮ್ ಕಂಬ ನಿಲ್ಲಿಸ್ತಾನಂತೆ ಎಂದು ಲೋಟದ ಕಡೆ ನೋಡಿಕೊಂಡು ಹೇಳಿದರೆ ಸಾಕು, ಉಳಿದದ್ದು ಊರು ನೋಡಿಕೊಳ್ಳುತ್ತದೆ. ಆ ಗುರುವಾರ ಹಾಲ್‌ನಲ್ಲಿ ಮರ್ಲ್ ಚಹಾ ಬಗ್ಗಿಸಿದಳು, ಕ್ಲೆಮ್ ಹೆಂಗಿದಾನಮ್ಮಾ? ಚೆನ್ನಾಗಿದಾನೆ. ಪಕ್ಕದಲ್ಲೇ ಬ್ರೂನೋ ಸಕ್ಕರೆ ಕಲಕುತ್ತಿದ್ದ. ಮತ್ತೇನ್ ಸಮಾಚಾರ? ಏನಿಲ್ಲ. ಏನಿಲ್ಲ ಎಂದಳು, ಬಾಯಿಗೆ ಬಂದ ಮಾತನ್ನು ಬಿಸಿ ಚಹಾದ ಜೊತೆ ನುಂಗಿದಳು, ಒಂದು ಶನಿವಾರ ಮುನಿಸಿಕೊಳ್ಳುತ್ತಾನೆ, ಸೋಮವಾರ ಕಾರ್ಖಾನೆಗೆ ಫೋನ್ ಮಾಡಿದರಾಯಿತು, ಅಷ್ಟೇ ಅಂದುಕೊಂಡಿದ್ದು, ದೇವರೇ, ಅಷ್ಟೇ.

ಇವತ್ತು ಆ ಶನಿವಾರ, ಸಾಸೇಜು ಕರಕಲಾಗುತ್ತಿದೆ. ಬಿಸಿಲೇರಿತು. ಬರ್ತಾರೆ ಬಿಡೇ, ಹಾಲು ಕರೆದು ಬರಬೇಕಲ್ಲ. ಸುಟ್ಟು ಕಪ್ಪಾದ ಬೊಡ್ಡೆಗಳ ಮೈತುಂಬ ಚಿಗುರಿದ ನೀಲಗಿರಿಗಳ ಆಚೆ ಧೂಳೆದ್ದಿತು, ನೋಡ್ದೇನೇ, ಬ್ರೂನೋ ಗಾಡಿ! ಕ್ಲೆಮ್ ಇಕ್ಕುಳವನ್ನೇ ಎತ್ತಿ ಬೀಸುತ್ತಾನೆ, ಗಾಡಿ ಗೇಟಿನ ಬಳಿ ನಿಧಾನಿಸುತ್ತದೆ, ಹಿಂದೆ ಮೀನಿನ ಗಾಳದ ಕೋಲುಗಳು, ಬ್ರೂನೋ ಹಾರ್ನ್ ಹೊಡೆದು ಕೈ ಬೀಸಿ ಅಣೆಕಟ್ಟಿನ ಕಡೆ ಹೋಗಿಬಿಡುತ್ತಾನೆ, ಪಾಪದವನು, ಅವನಿಗೇನು ಗೊತ್ತು, ಕ್ಲೆಮ್ ಎತ್ತಿದ ಕೈ ಎತ್ತಿದ ಹಾಗೇ ನಡುಗುತ್ತದೆ. ನೋಡಿಯೂ ಹೋದ ಕಣೇ. ಗ್ಯಾಸು ಆರಿಸಿದ. ಕಂಬಗಳ ರಾಶಿಯ ಮೇಲೆ ಕೂತ. ಈಗ ಹೇಳುತ್ತಾನೆ, ಗೆದ್ದೆ ನೀನು, ತರಿಸು ನಿನ್ನ ಫ್ರಿಜ್ಜು — ಹೇಳು, ಬೈದಾದರೂ ಹೇಳು. ಯಾವ್ದೂ ಬೇಡ ಐಲ್ಸಾ. ಅಂದ್ರೆ? ಕಿಟ್ಟೂ ಬೇಡ, ನಿಂದೂ ಬೇಡ, ಬ್ರೂನೋನೇ ಬರ್ದಿರೋ ಊರಲ್ಲಿ ಮನೆ ಯಾಕೆ, ಜಾಗ ಮಾರ್ಬಿಡೋಣ. ಹೇಳಿಬಿಡು ಐಲ್ಸಾ, ಈಗಲೇ, ಅವರಿಗೆ ಗೊತ್ತೇ ಇಲ್ಲ ಕಣೋ, ನಾನೇ ಹೇಳ್ಲಿಲ್ಲ ಅನ್ನು, ಬ್ರೂನೋ ಗಾಳ ಬಿಸಾಕಿ ಓಡಿ ಬರುತ್ತಾನೆ — ಹೇಳಿದರೆ ಕ್ಲೆಮ್‌ಗೆ ಊರು ಸಿಗುತ್ತದೆ, ನಂಬಿದ ಹೆಂಡತಿ ಹೋಗುತ್ತಾಳೆ, ಕೈಯಲ್ಲಿ ಬೆಣ್ಣೆಯ ಚಾಕು, ಸವರಿದ ಬ್ರೆಡ್ಡಿಗೇ ಮತ್ತೆ ಸವರುತ್ತಾಳೆ, ಅವನು ನೆಲ ನೋಡುತ್ತಾನೆ, ಅವಳು ಅವನ ತಲೆಯ ಆಚೆ ನೋಡುತ್ತಾಳೆ, ಕಿರ್, ಒಂದು ಬಟ್ಟೆಯೂ ಇಲ್ಲದ ತಂತಿ ಸುತ್ತುತ್ತದೆ, ನಿಲ್ಲುತ್ತದೆ, ಕಿರ್